ಟೆನ್ಷನರ್ ಸವೆಯುತ್ತದೋ, ಸೋಲುತ್ತದೋ?

ಗೆಳೆಯರೇ, ಹಳೇ ಡೀಸೆಲ್ ಕಾರು ಇಟ್ಟುಕೊಂಡವರಿಗೆ ಅಂತ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಬೆಲ್ಟ್ ಟೆನ್ಷನರ್, ಅಂದರೆ ಎಂಜಿನ್ನಿನ ಬೆಲ್ಟ್ ಸಡಿಲವಾಗದಂತೆ ಒತ್ತಿ ಹಿಡಿಯುವ ಗಾಲಿ, ಅದನ್ನು ಬದಲಿಸುವ ಭಾಗಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ. ಟೆನ್ಷನರ್‌ಗೆ ಕನ್ನಡದ ಹೆಸರು ಕೊಡಿ ಅಂತ ನಾನು ಕೇಳುತ್ತಿಲ್ಲ. ‘ಬಿಗಿಗಾಲಿ’ ಅಂತೇನೋ ಕಟ್ಟಬಹುದು. ಆದರೆ ಸ್ಪೇರ್ಸ್ ಅಂಗಡಿಯಲ್ಲಿ ಬಿಗಿಗಾಲಿ ಕೊಡಿ ಅಂದರೆ ಸಾಮಾನು ಸಿಗಲ್ಲ, ನಗು ಸಿಗುತ್ತದೆ ಅಷ್ಟೇ. ಹೆಸರು ಹಾಗೇ ಇರಲಿ. ನನ್ನ ತೊಡಕು ಕ್ರಿಯಾಪದದ್ದು.

ಕೈಪಿಡಿಗೆ ನಾನು ಆರಿಸಿಕೊಂಡಿರುವ ಕಾರು 2007ರಲ್ಲಿ ಮಹೀಂದ್ರ ಮತ್ತು ರೆನೊ ಸೇರಿ ತಂದ ಲೋಗನ್, ಮುಂದೆ ವೆರಿಟೊ ಆಯಿತಲ್ಲ, ಅದು. ಅದರ 1.5 ಲೀಟರ್ ಡೀಸೆಲ್ ಎಂಜಿನ್ನಿನ ಟೈಮಿಂಗ್‌ಗೆ, ಅಂದರೆ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡಲು, ಚೈನ್ ಇಲ್ಲ, ಹಲ್ಲಿರುವ ಬೆಲ್ಟ್ ಇದೆ. ವಾಟರ್ ಪಂಪ್ ತಿರುಗಿಸುವುದೂ ಅದೇ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಆಮೇಲೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚದೆ ಗತಿಯಿಲ್ಲ. ಹಾಗಾಗಿ ಇಲ್ಲಿ ಮಾತು ಆಚೀಚೆ ಆಗುವಂತಿಲ್ಲ.

‘ಸವೆದ ಟೆನ್ಷನರ್’ ಅಂತ ಬರೆದೆ. ಓದಿದರೆ ಸರಿಯೆನಿಸಲಿಲ್ಲ. ಸವೆಯಬೇಕಾದರೆ ಉಜ್ಜಾಟ ಬೇಕಲ್ವಾ? ಗಾಲಿಯ ಮೈ ಸವೆಯುತ್ತದೆ, ಸರಿ. ಸ್ಪ್ರಿಂಗ್ ಇರುವ ತೋಳಿನ ಬಗೆಯದಾದರೆ ತೋಳು ತಿರುಗುವ ಕೀಲಿನ ಒಳಬಳೆ, ಅಂದರೆ ಬುಷ್, ಕೂಡ ಸವೆಯುತ್ತದೆ. ಆಗ ಗಾಲಿ ಸ್ವಲ್ಪ ವಾಲಿ, ಬೆಲ್ಟ್ ಒಂದು ಪಕ್ಕಕ್ಕೆ ಸರಿದು, ಅಂಚಿನಲ್ಲಿ ನೂಲು ಬಿಡಲು ಶುರುವಾಗುತ್ತದೆ. ಆದರೆ ಸ್ಪ್ರಿಂಗ್ ಸವೆಯುವುದಿಲ್ಲ, ಸೋಲುತ್ತದೆ. ನೋಡಲು ಹೊಸದರಂತೆಯೇ ಇರುತ್ತದೆ, ಕಸುವು ಮಾತ್ರ ಇರುವುದಿಲ್ಲ. ಇನ್ನು ಬೇರಿಂಗ್‌ಗೆ ‘ಆಟ ಬರುತ್ತದೆ’. ಗಾಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ, ಬೆರಳಲ್ಲಿ ತಿರುಗಿಸಿದರೆ ಒಳಗೆ ಗರಗರ. ಮೆಕ್ಯಾನಿಕ್‌ಗಳು ಇದೆಲ್ಲಕ್ಕೂ ಸೇರಿಸಿ ‘ಹೋಗಿದೆ’ ಅಂದುಬಿಡುತ್ತಾರೆ. ಗಾಡಿ ಎದುರಿಗಿರುವಾಗ ಅಷ್ಟು ಸಾಕು, ಪುಸ್ತಕದಲ್ಲಿ ಏನು ಹೋಗಿದೆ ಅಂತ ಹೇಳಬೇಕಾಗುತ್ತದೆ.

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಬಿಗಿ’. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ತಿರುಗಿಸುವ ಹಳೇ ವಿ-ಬೆಲ್ಟ್ ಆದರೆ ಆ ಆಲ್ಟರ್ನೇಟರನ್ನು ಮೀಟಿ ಹಿಡಿದು ಬೋಲ್ಟ್ ತಿರುಗಿಸಿದರೆ ಮುಗಿಯಿತು. ‘ಬೆಲ್ಟ್ ಬಿಗಿ ಮಾಡಿ’ ಅಂದರೆ ಯಾರಿಗೂ ಗೊಂದಲವಿಲ್ಲ. ಲೋಗನ್ನಿನ ಟೈಮಿಂಗ್ ಬೆಲ್ಟಿನಲ್ಲಿ ಹಾಗಲ್ಲ. ಟೆನ್ಷನರಿನ ನಟ್ ಸಡಿಲಿಸಿ, ಅಲೆನ್ ಕೀ ಅನ್ನುವ ಆರು ಮೂಲೆಯ ಕೀಲಿಯಿಂದ ಟೆನ್ಷನರ್ ತಿರುಗಿಸಿ, ಅದರ ಮೇಲಿನ ಸೂಚಕ ಮುಳ್ಳನ್ನು ಗುರುತಿಗೆ ತಂದು, ಅದು ಅಲುಗದಂತೆ ಹಿಡಿದು ನಟ್ ಬಿಗಿ ಮಾಡಬೇಕು. ಎಂಜಿನ್ನನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಸುತ್ತು ತಿರುಗಿಸಿ ಮುಳ್ಳು ಎಲ್ಲಿದೆ ಅಂತ ಮತ್ತೆ ನೋಡಬೇಕು. ಈಗ ‘ಟೆನ್ಷನರ್ ಬಿಗಿ ಮಾಡಿ’ ಅಂತ ಬರೆದರೆ ಓದುವವನು ಏನು ಮಾಡಬೇಕು? ನಟ್ ಬಿಗಿಯಬೇಕೋ, ಬೆಲ್ಟ್ ಎಳೆಯಬೇಕೋ? ಇನ್ನೊಂದಿಷ್ಟು ಬಿಗಿಯಿರಲಿ ಅಂತ ಬೆಲ್ಟ್ ಎಳೆದರೆ ವಾಟರ್ ಪಂಪಿನ ಬೇರಿಂಗ್‌ಗೆ ಕುತ್ತು.

ಸದ್ಯಕ್ಕೆ ನಟ್‌ಗೆ ‘ಬಿಗಿ’, ಬೆಲ್ಟ್‌ಗೆ ‘ಎಳೆತ’ ಅಂತ ಬೇರೆ ಮಾಡಿದ್ದೇನೆ. ವಿಜ್ಞಾನದ ಪುಸ್ತಕದಲ್ಲಿ ‘ಮೇಲ್ಮೈ ಎಳೆತ’ ಓದಿದವರಿಗೆ ಇದು ಹೊಸತಲ್ಲ. ‘ಎಳೆತವನ್ನು ಹದಕ್ಕೆ ತನ್ನಿ, ನಂತರ ನಟ್ ಬಿಗಿಯಿರಿ’ ಅನ್ನುವ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜ್‌ಗಳಲ್ಲಿ ಬೆಲ್ಟಿನ ಬಿಗಿಗೂ ನಟ್ಟಿನ ಬಿಗಿಗೂ ಬೇರೆ ಮಾತು ಇದ್ದರೆ ತಿಳಿಸಿ. ಸ್ಪ್ರಿಂಗ್‌ಗೆ ‘ಸೋತಿದೆ’ ಅನ್ನುವುದು ನಿಮ್ಮಲ್ಲೂ ಇದೆಯಾ?