ಬಣ್ಣ ಹಾಕುವುದು, ನೇಯುವುದು: 2 ದಿನದ ಗುಂಪು ಶಿಬಿರಕ್ಕೆ ಸೇರಲಾ?

ಹೊಸನೂಲು:
ಎಲ್ಲರಿಗೂ ನಮಸ್ಕಾರ. ಮೊದಲ ದಿನ ಬಟ್ಟೆಗೆ ನೀಲಿ (ಇಂಡಿಗೋ) ಬಣ್ಣ, ಮರುದಿನ ಮಗ್ಗ ಅಂತ 2 ದಿನದ ಶಿಬಿರ ಇದೆ. 15 ಜನ ಇರ್ತಾರಂತೆ, ಮಗ್ಗಕ್ಕೆ ಹಾಸು (ಉದ್ದದ ಎಳೆಗಳು) ಮೊದಲೇ ಏರಿಸಿಟ್ಟಿರ್ತಾರಂತೆ. ಆಮೇಲೆ ಮನೆಯಲ್ಲಿ ನಾನೊಬ್ಬಳೇ ಮಾಡುವಷ್ಟು ಕಲಿಯಬೇಕು ಅಂತ ಆಸೆ. ದುಡ್ಡು ಕಟ್ಟುವ ಮುಂಚೆ ಏನು ವಿಚಾರಿಸಲಿ?

ನೀಲಿಬಾನಿ:
ಬಣ್ಣ ಹಾಕುವುದನ್ನು ಕಲಿಸುವವಳು ನಾನು, ಅದರ ಬಗ್ಗೆ ಹೇಳ್ತೀನಿ. ತಯಾರಿಯನ್ನೂ ನಮ್ಮ ಕೈಯಲ್ಲೇ ಮಾಡಿಸ್ತೀರಾ ಅಂತ ಮೊದಲು ಕೇಳಿ. ಬಟ್ಟೆ ಅದ್ದುವುದು ಯಾರಿಗೂ ಬರುತ್ತೆ. ಗಂಜಿ, ಜಿಡ್ಡು ಹೋಗುವ ಹಾಗೆ ವಾಷಿಂಗ್ ಸೋಡಾದಲ್ಲಿ ಕುದಿಸದ ಹತ್ತಿ ಬಟ್ಟೆಗೆ ಎಂಥ ಒಳ್ಳೆಯ ಬಣ್ಣವೂ ತೇಪೆತೇಪೆಯಾಗಿ ಹತ್ತುತ್ತದೆ.

ಎರಡನೆಯದು ಬಾನಿ, ಅಂದರೆ ಬಣ್ಣ ಕರಗಿಸಿ ಬಟ್ಟೆ ಅದ್ದುವ ದೊಡ್ಡ ಪಾತ್ರೆ. ನೀಲಿ ಬರೀ ನೀರಿನಲ್ಲಿ ಕರಗುವುದಿಲ್ಲ. ಸುಣ್ಣದಂಥ ಕ್ಷಾರ ಬೆರೆಸಿ, ಒಳಗಿನ ಆಮ್ಲಜನಕ ಕಳೆದರೆ ಮಾತ್ರ ಕರಗಿ ಹಳದಿ ಹಸಿರಾಗುತ್ತದೆ. ಮೇಲೆತ್ತಿದ ಬಟ್ಟೆಯೂ ಹಸಿರೇ. ಗಾಳಿ ತಾಕುತ್ತಿದ್ದಂತೆ ಅಂಚಿನಿಂದ ನೀಲಿ ಏರುತ್ತಾ ಬರುತ್ತದೆ, ಮಡಿಕೆ ಬಿಡಿಸಿದರೆ ಒಳಗೆ ಇನ್ನೂ ಹಸಿರು. ಇಷ್ಟು ವರ್ಷವಾದರೂ ಆ ಹೊತ್ತಿಗೆ ನನ್ನ ಮಾತು ನಿಲ್ಲುತ್ತದೆ. ಆದರೆ 15 ಜನ ಒಂದೇ ಬಾನಿಯಲ್ಲಿ ಬಟ್ಟೆ ಕುಲುಕಿದರೆ ಗಾಳಿ ಸೇರಿ ನೀಲಿ ಮತ್ತೆ ಕರಗದ ಪುಡಿಯಾಗುತ್ತದೆ. ಅದು ಬಟ್ಟೆಯ ಮೇಲೆ ಕೂರುತ್ತದೆ ಅಷ್ಟೇ, ಉಜ್ಜಿದರೆ ಕೈಗೆ ಬರುತ್ತದೆ. ಹಾಗೆ ಕೆಟ್ಟ ಬಾನಿಯನ್ನು ಮತ್ತೆ ಹದಕ್ಕೆ ತರುವುದನ್ನು ಹೇಳಿಕೊಡ್ತಾರಾ? ಹೌದು ಅಂದರೆ ಕಣ್ಮುಚ್ಚಿ ಸೇರಿ.

ಹಾಸುಹೊಕ್ಕು:
ಮಗ್ಗದ್ದೂ ಇದೇ ಕಥೆ. ಏರಿಸಿಟ್ಟ ಹಾಸಿನ ಮೇಲೆ ಲಾಳಿ ಓಡಿಸುವುದು ಬೇಗ ಕೈಗೆ ಹತ್ತುತ್ತದೆ. ಒಂದೊಂದು ಎಳೆಯನ್ನೂ ಮಗ್ಗದ ಸರಿಯಾದ ಕಣ್ಣಿಗೆ (ತೂತಿಗೆ) ಪೋಣಿಸಿ, ಎಲ್ಲಕ್ಕೂ ಒಂದೇ ಬಿಗಿ ತರುವುದೇ ಕಷ್ಟ. ಹಾಸು ಏರಿಸುವಾಗ ಬಂದು ಕೈಜೋಡಿಸ್ತೀನಿ ಅನ್ನಿ, ಬೇಡ ಅನ್ನುವವರು ಕಡಿಮೆ. ಇನ್ನೊಂದು: ಹೊಕ್ಕಿನ (ಅಡ್ಡ) ಎಳೆಯನ್ನು ಬಿಗಿಯಾಗಿ ಎಳೆಯಬೇಡಿ. ಸ್ವಲ್ಪ ಓರೆಯಾಗಿ ಸಡಿಲ ಬಿಟ್ಟು ಹಣಿಗೆ (ಎಳೆಯನ್ನು ಒತ್ತುವ ಬಾಚಣಿಗೆ) ಬಡಿಯಿರಿ, ಇಲ್ಲದಿದ್ದರೆ ಬಟ್ಟೆಯ ಅಗಲ ಕುಗ್ಗುತ್ತಾ ಹೋಗುತ್ತದೆ.

ಹೊಸನೂಲು:
ಫೋನ್ ಮಾಡಿ ಕೇಳಿದೆ. ಹಾಸು ಏರಿಸಲು ಶಿಬಿರದ ಹಿಂದಿನ ದಿನ ಬನ್ನಿ ಅಂದರು! ಬಾನಿ ಮಾತ್ರ ಒಂದೇ ಅಂತೆ.

ನೀಲಿಬಾನಿ:
ಹಾಗಾದರೆ ಬೆಳಿಗ್ಗೆಯೇ ಅದ್ದಿಬಿಡಿ. ಬಟ್ಟೆ ಮೊದಲೇ ನೆನೆಸಿ ಹಿಂಡಿರಲಿ, ಸದ್ದಿಲ್ಲದೆ ಇಳಿಸಿ, ತಳದ ಗಸಿ ಕಲಕಬೇಡಿ. ಗಾಢ ಬೇಕಾದರೆ ಒಂದೇ ಸಲ ತುಂಬಾ ಹೊತ್ತು ಮುಳುಗಿಸುವ ಬದಲು ಅದ್ದಿ, ಗಾಳಿಗೆ ಹಿಡಿದು, ಮತ್ತೆ ಅದ್ದಿ.