ಹಳೇ ಗಿಬ್ಸನ್ ಇಎಸ್-175: ಮೇಸ್ತ್ರಿಗೆ ಕೇಳಿ

ಅಡ್ಮಿನ್: ಈ ವಾರ ಜಾಝ್‌ನವರ ಮೆಚ್ಚಿನ ಗಿಟಾರ್, ಗಿಬ್ಸನ್ ಕಂಪನಿಯ ಇಎಸ್-175. ರಿಪೇರಿ ಮೇಸ್ತ್ರಿ ಉತ್ತರ ಕೊಡುತ್ತಾರೆ. ಬೆಲೆ ಕೇಳಬೇಡಿ.

ಪುಣೆ: ಈಗ ಬೆಲೆ ಎಷ್ಟಿರಬಹುದು ಸರ್?

ಮೇಸ್ತ್ರಿ: 1949ರಲ್ಲಿ 175 ಡಾಲರ್. ಹೆಸರು ಬಂದದ್ದೇ ಅಲ್ಲಿಂದ. ಈಗಿನದು ಹೇಳಲ್ಲ.

ನ್ಯೂಜೆರ್ಸಿ: ಎರಡು ಪಿ-90 ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ಇರುವ ಗಿಟಾರ್ ಕೊಂಡೆ. ಯಾವ ವರ್ಷದ್ದು? ತಂತಿ ಹೊರುವ ಬ್ರಿಡ್ಜ್ ಕೆಳಗೆ ಮರ ಸ್ವಲ್ಪ ತಗ್ಗಿದ ಹಾಗಿದೆ, ತಂತಿ ಕಿರಗುಟ್ಟುತ್ತದೆ. ದಪ್ಪ ತಂತಿ ಹಾಕಿ, ಬ್ರಿಡ್ಜ್ ಎತ್ತರಿಸಿ ಅಂತ ಒಂದು ಫಾರ್ವರ್ಡ್ ಬಂದಿತ್ತು.

ಮೇಸ್ತ್ರಿ: ಮೊದಲು ತಂತಿ ಸಡಿಲ ಮಾಡಿ. ಈಗಲೇ. ಇದರ ಮೇಲ್ಭಾಗ ಮೇಪಲ್ ಪ್ಲೈವುಡ್, ಅದರ ಅಡಿಯಲ್ಲಿ ಉದ್ದಕ್ಕೆ ಎರಡು ಆಸರೆ ಪಟ್ಟಿಗಳಿವೆ. ಅಂಟಿಸಿದ್ದು ಪ್ರಾಣಿಚರ್ಮದ ಅಂಟಿನಲ್ಲಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲೋ ತೇವದ ನೆಲಮಾಳಿಗೆಯಲ್ಲೋ ಇಟ್ಟಿದ್ದರೆ ಅಂಟು ಬಿಟ್ಟಿರುತ್ತದೆ. ತಂತಿ ಬ್ರಿಡ್ಜನ್ನು ಒತ್ತುತ್ತಲೇ ಇರುತ್ತದೆ, ಕೆಳಗೆ ಆಸರೆ ಇಲ್ಲ, ಮರ ಕುಸಿಯುತ್ತದೆ. ದಪ್ಪ ತಂತಿ ಅಂದರೆ ಒತ್ತಡ ಇನ್ನೂ ಜಾಸ್ತಿ. ಬಿರುಕು ಬಿಟ್ಟ ತೊಲೆ ಮೇಲೆ ಮಹಡಿ ಕಟ್ಟು ಅಂದ ಹಾಗಾಯಿತು! ಎಫ್-ಹೋಲ್‌ನಲ್ಲಿ (ಮೇಲಿನ ಎಫ್ ಆಕಾರದ ತೂತು) ಟಾರ್ಚ್ ಬೆಳಕು ಬಿಟ್ಟು ಚಿಕ್ಕ ಕನ್ನಡಿಯಲ್ಲಿ ನೋಡಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಗರ್ ಅಂದರೆ ಸಡಿಲ. ಪಟ್ಟಿಗೂ ಮರಕ್ಕೂ ನಡುವೆ ವಿಸಿಟಿಂಗ್ ಕಾರ್ಡ್ ನುಸುಳಿದರೆ ಅಂಟು ಹೋಗಿದೆ. ಬಿಸಿ ಚರ್ಮದಂಟು ತುಂಬಿ, ಒಳಗಿನಿಂದ ಜಾಕ್ (ಮೇಲೆತ್ತಿ ಹಿಡಿಯುವ ಸಾಧನ) ಕೊಟ್ಟು ಕೂರಿಸಬೇಕು, ಅದು ಅಂಗಡಿಯ ಕೆಲಸ. ಎಪಾಕ್ಸಿ ಅಂಟು ಹಾಕಿದರೆ ಮುಂದೆ ಯಾರೂ ಬಿಡಿಸಲಾರರು.

ವರ್ಷ: ಎರಡು ಪಿಕಪ್‌ನದ್ದು ಬಂದದ್ದು 1953ರಲ್ಲಿ, ಪಿ-90 ಬದಲು ಹಂಬಕರ್ ಎಂಬ ಪಿಕಪ್ ಬಂದದ್ದು 1957ರಲ್ಲಿ. ನಿಮ್ಮದು ಆ ನಡುವಿನದು. ಒಳಗೆ ಅಚ್ಚೊತ್ತಿದ ಅಕ್ಷರ ಹುಡುಕಿ. ವೈ ಆದರೆ 1953, ಎಕ್ಸ್ 1954, ಡಬ್ಲ್ಯು 1955, ವಿ 1956.

ಹುಬ್ಬಳ್ಳಿ: ಪ್ಲೈವುಡ್ ಗಿಟಾರ್‌ಗೆ ಇಷ್ಟೊಂದು ಉಪಚಾರವಾ? ಗಿಬ್ಸನ್‌ನದೇ ಎಲ್-5 ಗಿಟಾರ್ ಘನ ಸ್ಪ್ರೂಸ್ ಮರ ಕೆತ್ತಿ ಮಾಡಿದ್ದು. ಜಾಝ್ ಗಿಟಾರಿನ ವೆಸ್ ಮಾಂಟ್‌ಗೊಮೆರಿ ಸುಮ್ನೆ ಹಿಡಿದರಾ ಅದನ್ನು?

ಲಂಡನ್: ಜೋ ಪಾಸ್, ಜಿಮ್ ಹಾಲ್ ಹಿಡಿದದ್ದು ಈ ಪ್ಲೈವುಡ್ಡನ್ನೇ. ಡ್ರಮ್ಸ್ ಪಕ್ಕ ಎಲ್-5ನ ಆಂಪ್ ಏರಿಸಿ ನೋಡಿ, ಫೀಡ್‌ಬ್ಯಾಕ್ ಕೂಗುತ್ತದೆ. ಪದರದ ಮರ ಅಷ್ಟು ಬೇಗ ಕೂಗಲ್ಲ.

ಹುಬ್ಬಳ್ಳಿ: ಯೂಟ್ಯೂಬ್ ಪಾಂಡಿತ್ಯ.

ಲಂಡನ್: ನೀವು ಎಲ್-5 ಮುಟ್ಟಿದ್ದೀರಾ?

ಮಂಗಳೂರು: ಹೊಳಪಿಗೆ ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್ ಅಂತ ಇನ್ನೊಂದು ಗುಂಪಿನಲ್ಲಿ ಬಂದಿದೆ. ಹಾಕಬಹುದಾ?

ಮೇಸ್ತ್ರಿ: ಪೇಸ್ಟ್ ಹಲ್ಲಿಗೆ, ಎಣ್ಣೆ ತಲೆಗೆ. ಇದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ತೆಳು. ಪೇಸ್ಟ್ ತರಚುತ್ತದೆ, ಸ್ಪಿರಿಟ್ ಮೆತ್ತಗಾಗಿಸುತ್ತದೆ, ಸ್ಟ್ಯಾಂಡಿನ ರಬ್ಬರ್ ಕೂಡ ಕಲೆ ಬಿಡುತ್ತದೆ. ಒಣ ಹತ್ತಿಬಟ್ಟೆ ಸಾಕು. ಇಂಥ ಫಾರ್ವರ್ಡ್ ಇಲ್ಲಿಗೆ ತರಬೇಡಿ.

ಡಲ್ಲಾಸ್: ನನ್ನದರ ಫಿಂಗರ್‌ಬೋರ್ಡ್ ಬ್ರೆಜಿಲ್ ರೋಸ್‌ವುಡ್. ಬೆಂಗಳೂರಿಗೆ ತರಲು ಯಾವ ಕಾಗದ ಬೇಕು?

ಮೈಸೂರು: ಎಲ್ಲಾ ತಂತಿ ಬಿಚ್ಚಿದೆ, ಬ್ರಿಡ್ಜ್ ಕೈಗೇ ಬಂತು! ಫೆವಿಕ್ವಿಕ್ ಹಾಕಲಾ?

ಮೇಸ್ತ್ರಿ: ಬೇಡ! ಅದು ಅಂಟಿಸಿದ್ದಲ್ಲ, ತಂತಿಯ ಒತ್ತಡಕ್ಕೆ ನಿಲ್ಲುವುದು. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ಕುತ್ತಿಗೆಯ ಲೋಹದ ಗೆರೆ) ಎಷ್ಟೋ, ಅಲ್ಲಿಂದ ಬ್ರಿಡ್ಜ್‌ಗೆ ಸುಮಾರು ಅಷ್ಟೇ ದೂರ. ಅಲ್ಲಿಟ್ಟು ತಂತಿ ಹಾಕಿ, ಶ್ರುತಿ ನೋಡಿ ಸರಿಸಿ.

ಧಾರವಾಡ: ನಂದೂ ಬ್ರಿಡ್ಜ್ ಬಿದ್ದೋಯ್ತು ಸರ್.

ಮೇಸ್ತ್ರಿ: ಮೇಲೆ ಓದಿ.

ಡಲ್ಲಾಸ್: ರೋಸ್‌ವುಡ್ ಪ್ರಶ್ನೆ ಯಾರಾದರೂ ನೋಡಿದಿರಾ?

ಹುಬ್ಬಳ್ಳಿ: ಘನ ಮರದ್ದಾಗಿದ್ದರೆ ಕುಸಿಯುತ್ತಲೇ ಇರಲಿಲ್ಲ.

ಮೇಸ್ತ್ರಿ: ಕೆತ್ತಿದ್ದೂ ಕುಸಿಯುತ್ತದೆ. ಸಾಕು ಮಾಡಿ ಇಬ್ಬರೂ.

ನ್ಯೂಜೆರ್ಸಿ: ಕಾರ್ಡ್ ಅರ್ಧ ಒಳಗೆ ಹೋಯಿತು ಸರ್. ಆದರೆ ಶನಿವಾರ ಕಾರ್ಯಕ್ರಮ ಇದೆ, ಅಲ್ಲಿವರೆಗೆ ತಡೆಯುತ್ತದಾ?

ಮೇಸ್ತ್ರಿ: ಬೇರೆ ಗಿಟಾರ್ ತಗೊಂಡು ಹೋಗಿ.