ಇಡೀ ಹಾಲ್‌ಗೆ ಕ್ಲಾಸ್ 7 ಬೇಕಾ, ಮೆಷಿನ್ ಸುತ್ತ ಮಾತ್ರ ಸಾಕಾ?

ತುಮಕೂರು ಲೈನ್:
ವಸಂತನರಸಾಪುರದಲ್ಲಿ ನಮ್ಮದು ಸಣ್ಣ ಯೂನಿಟ್. ಐವಿ ಸೆಟ್‌ನ ಪ್ಲಾಸ್ಟಿಕ್ ಕನೆಕ್ಟರ್ ಜೋಡಿಸುವ ಆಟೋಮ್ಯಾಟಿಕ್ ಮೆಷಿನ್ ತರಿಸುತ್ತಿದ್ದೇವೆ. ಬೌಲ್ ಫೀಡರ್ (ಪೀಸುಗಳನ್ನು ಅಲುಗಾಡಿಸಿ ಸಾಲಾಗಿ ಕಳಿಸುವ ಬಟ್ಟಲು), ರೋಬೋ, ಕೊನೆಗೆ ಕ್ಯಾಮೆರಾ ತಪಾಸಣೆ. ಗ್ರಾಹಕರು ಐಎಸ್ಒ ಕ್ಲಾಸ್ 7 ಕ್ಲೀನ್‌ರೂಮ್ (ಗಾಳಿಯಲ್ಲಿನ ಕಣಗಳನ್ನು ಮಿತಿಯಲ್ಲಿಟ್ಟ ಕೋಣೆ) ಕೇಳಿದ್ದಾರೆ. ಕಾಂಟ್ರಾಕ್ಟರ್ ಇಡೀ ಹಾಲನ್ನೇ ಕ್ಲಾಸ್ 7 ಮಾಡೋಣ ಅಂತಾರೆ. ಎಸಿ, ಬ್ಲೋವರ್ ಹಗಲೂ ರಾತ್ರಿ ಓಡಬೇಕು, ಕರೆಂಟ್ ಬಿಲ್ ನೆನೆದರೇ ಭಯ. ಮೆಷಿನ್ ಸುತ್ತ ಮಾತ್ರ ಕ್ಲಾಸ್ 7, ಉಳಿದ ಕಡೆ ಕ್ಲಾಸ್ 8 ಆದರೆ ನಡೆಯಲ್ವಾ?

ನರಸಾಪುರ ಮೇಂಟೆನೆನ್ಸ್:
ನಡೆಯುತ್ತೆ ಸರ್. ಆದರೆ ಮೊದಲು ಗ್ರಾಹಕರ ಹತ್ತಿರ ಬರೆಸಿಕೊಳ್ಳಿ: ಕ್ಲಾಸ್ 7 ಮೆಷಿನ್ ನಿಂತಿದ್ದಾಗಲೋ, ಕೆಲಸ ನಡೆಯುವಾಗಲೋ? ಕ್ಲಾಸ್ 7 ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,52,000 ದಾಟಬಾರದು. ಕ್ಲಾಸ್ 8ಕ್ಕೆ ಅದರ ಹತ್ತು ಪಟ್ಟು. ಜನ, ಮೆಷಿನ್ ಇಲ್ಲದ ಕೋಣೆ ಸುಲಭವಾಗಿ ಪಾಸಾಗುತ್ತೆ. ಲೈನ್ ಓಡಿದಾಗಲೇ ಬಣ್ಣ ಬಯಲಾಗೋದು.

ನಿಮ್ಮಲ್ಲಿ ನನಗೆ ಚಿಂತೆ ಬೌಲ್ ಫೀಡರ್‌ದು. ಪ್ಲಾಸ್ಟಿಕ್ ಪೀಸುಗಳು ಒಂದಕ್ಕೊಂದು ಉಜ್ಜಿ ಪುಡಿ ಬಿಡುತ್ತವೆ. ಅದನ್ನು ಕ್ಲಾಸ್ 8 ಕಡೆಗೇ ಇಡಿ, ಮುಚ್ಚಳ ಹಾಕಿ, ಪುಡಿ ಎಳೆಯಲು ವ್ಯಾಕ್ಯೂಮ್ ಕೊಡಿ. ಮೆಷಿನ್ ಭಾಗಗಳನ್ನು ಗಾಳಿಯ ಒತ್ತಡದಿಂದ ತಳ್ಳುವ ಏರ್ ಸಿಲಿಂಡರ್‌ಗಳ ಎಕ್ಸಾಸ್ಟನ್ನು ಪೈಪಿನಲ್ಲಿ ಹೊರಗೆ ಬಿಡಿ. ಸುಮ್ನೆ ಸದ್ದು ತಗ್ಗಿಸುವ ಮಫ್ಲರ್ ಹಾಕಿ ಒಳಗೇ ಬಿಡಬೇಡಿ. ರೋಬೋಗೆ ಕ್ಲೀನ್‌ರೂಮ್ ಸರ್ಟಿಫಿಕೇಟ್ ಇದ್ದರೂ ಸಾಲದು. ಕೇಬಲ್ ಚೈನ್, ಬೆಲ್ಟ್, ಗ್ರೀಸ್ ಎಲ್ಲ ಸೇರಿ ಇಡೀ ಮೆಷಿನ್ ಓಡುವ ವೇಗದಲ್ಲಿ ಎಷ್ಟು ಕಣ ಬಿಡುತ್ತೆ ಅನ್ನೋದೇ ಮುಖ್ಯ. ಆ ಪರೀಕ್ಷೆಗೆಂದೇ ಐಎಸ್ಒ 14644-14 ಅನ್ನೋ ಮಾನದಂಡ ಇದೆ, ವೆಂಡರನ್ನು ಅದರ ರಿಪೋರ್ಟ್ ಕೇಳಿ.

ಮೆಷಿನ್ ಮೇಲೆ ಸೂಕ್ಷ್ಮ ಕಣ ಹಿಡಿಯುವ ಹೆಪಾ ಫ್ಯಾನ್ ಫಿಲ್ಟರ್ ಕೂರಿಸಿ, ಸುತ್ತ ಪಾರದರ್ಶಕ ಪರದೆ ಕಟ್ಟಿ. ಮೇಲಿಂದ ಬಂದ ಗಾಳಿ ಕೆಳಗೆ ಹರಿದು ಹೋಗಬೇಕು. ಟೇಬಲ್ ಟಾಪ್ ಗಟ್ಟಿ ಹಲಗೆಯಾದರೆ ಗಾಳಿ ಅಲ್ಲೇ ಸುತ್ತುತ್ತೆ, ಕಣ ವಾಪಸ್ ಪೀಸಿನ ಮೇಲೇ ಕೂರುತ್ತೆ. ತೂತಿರುವ ಪ್ಲೇಟ್ ಹಾಕಿಸಿ.

ಗೌರಿಬಿದನೂರು ಮೋಲ್ಡಿಂಗ್:
ಸ್ಥಾಯಿ ವಿದ್ಯುತ್ (ಸ್ಟ್ಯಾಟಿಕ್) ಮರೆಯಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತೆ. ಪ್ಲಾಸ್ಟಿಕ್ ಪೀಸ್ ಧೂಳನ್ನು ಎಳೆದುಕೊಳ್ಳುತ್ತೆ, ಕ್ಯಾಮೆರಾ ಒಳ್ಳೆ ಪೀಸನ್ನೂ ರಿಜೆಕ್ಟ್ ಮಾಡುತ್ತೆ. ಫೀಡರ್‌ನಿಂದ ಪೀಸ್ ಇಳಿಯುವ ಜಾಗದಲ್ಲಿ ಆ ವಿದ್ಯುತ್ ಕಳೆಯುವ ಅಯಾನೈಜರ್ ಹಾಕಿಸಿ. ಹೆಪಾ ಮುಂದೆ ಪ್ರಿ-ಫಿಲ್ಟರ್ ಇಲ್ಲದಿದ್ದರೆ ರೋಡ್ ಧೂಳಿಗೆ ದುಬಾರಿ ಹೆಪಾ ಬೇಗ ಕಟ್ಟಿಕೊಳ್ಳುತ್ತೆ.

ತುಮಕೂರು ಲೈನ್:
ತುಂಬಾ ಥ್ಯಾಂಕ್ಸ್. ಕನ್ವೇಯರ್ ಪರದೆ ದಾಟಿ ಹೊರಬರುವ ಕಿಂಡಿ ಹಾಗೇ ತೆರೆದಿರಬಹುದಾ?

ನರಸಾಪುರ ಮೇಂಟೆನೆನ್ಸ್:
ಇರಬಹುದು, ಚಿಕ್ಕದಿರಲಿ. ಒಳಗಿನ ಒತ್ತಡ ಜಾಸ್ತಿ ಇದ್ದು ಗಾಳಿ ಯಾವಾಗಲೂ ಹೊರಗೇ ನುಗ್ಗಬೇಕು. ಮೆಷಿನ್ ಓಡುವಾಗ ಕಿಂಡಿ ಹತ್ತಿರ ಹೊಗೆ ಬಿಟ್ಟು ನೋಡಿ. ಒಳಗೆ ಹೋದರೆ ಫ್ಯಾನ್ ವೇಗ ಏರಿಸಿ, ಆಮೇಲೆ ಕಣ ಎಣಿಸುವವರನ್ನು ಕರೆಸಿ.